ಆ ಮನೆಯಲ್ಲಿ ಅವ್ವ ಉಣ್ಣುತ್ತಾಳಾ?

1954ರಲ್ಲಿ ನನಗೆ ಚಾಮರಾಜನಗರದಿಂದ ಗುಂಡ್ಲುಪೇಟೆಯ ಹೈಸ್ಕೂಲಿಗೆ ಇಂಗ್ಲಿಷ್ ಮೇಷ್ಟ್ರಾಗಿ ವರ್ಗವಾಯಿತು. ಆಗ ಎಸ್.ಎಸ್.ಎಲ್.ಸಿ. ತರಗತಿಗೆ ಇಂಗ್ಲಿಷಿನಲ್ಲಿ ಎರಡು ಬಗೆಯ ಪುಸ್ತಕಗಳಿದ್ದವು. ಒಂದು, ಸಾಲುಸಾಲಿಗೂ ಅರ್ಥ ಬಿಡಿಸಿ ಕಲಿಸಬೇಕಾದ ಪಠ್ಯ. ಇನ್ನೊಂದು ‘ನಾನ್-ಡೀಟೇಲ್ಡ್’, ಅಂದರೆ ಕಥೆ ತಲೆಗೆ ಹತ್ತಿದರೆ ಸಾಕು ಎನ್ನುವಂಥದ್ದು. ಆ ವರ್ಷ ಈ ಎರಡನೆಯದಕ್ಕೆ ಅಮೆರಿಕದ ಹಳೆಯ, ಹೆಸರಾದ ಕಾದಂಬರಿಯೊಂದರ ಸಂಗ್ರಹ ಬಂದಿತ್ತು. ಅದರ ಹೆಸರು ಹೇಳಲು ಇವತ್ತಿಗೂ ನನಗೆ ಮನಸ್ಸಾಗುವುದಿಲ್ಲ.

ಕಥೆ ಸರಳ. ಒಬ್ಬ ದೊಡ್ಡ ರೈತ, ಮಹಾ ಹಠಮಾರಿ. ತನಗೆ ಒಪ್ಪದ ಹುಡುಗಿಯನ್ನು ಮದುವೆಯಾದನೆಂದು ಮಗನನ್ನು ಮನೆಯಿಂದ ಹೊರಗೆ ಹಾಕುತ್ತಾನೆ. ಮಗನೂ ಅಪ್ಪನ ಮಗನೇ, ಬಗ್ಗುವುದಿಲ್ಲ. ಕೊನೆಗೆ ಅಪ್ಪನೇ ಸೋತು, ಗಾಡಿ ಕಟ್ಟಿಸಿಕೊಂಡು ಮಗನಿದ್ದ ಊರಿಗೆ ಹೋಗುವಷ್ಟರಲ್ಲಿ ಮಗ ತೀರಿಕೊಂಡಿರುತ್ತಾನೆ. ಪರೀಕ್ಷೆಗೆ ಬರುವ ಪ್ರಶ್ನೆಗಳೂ ಗೊತ್ತಿದ್ದವೇ. ಅಪ್ಪನ ‘ಕ್ಯಾರೆಕ್ಟರ್ ಸ್ಕೆಚ್’, ಅಂದರೆ ಸ್ವಭಾವದ ಚಿತ್ರ, ಬರೆಯಿರಿ. ಅಪ್ಪ ಮಗನ ‘ಕಾನ್‌ಫ್ಲಿಕ್ಟ್’, ಅಂದರೆ ತಿಕ್ಕಾಟ, ವಿವರಿಸಿರಿ.

ಬರೀ ನೋಟ್ಸ್ ಬರೆಸುವುದು ನನಗೆ ಬೇಜಾರು. ಹಾಗಾಗಿ ತರಗತಿಯಲ್ಲೇ ಪಂಚಾಯ್ತಿ ಸೇರಿಸುತ್ತಿದ್ದೆ. ಎಡಗಡೆಯ ಬೆಂಚಿನವರು ಅಪ್ಪನ ಪರ, ಬಲಗಡೆಯವರು ಮಗನ ಪರ. ಹುಡುಗರು ಇಂಗ್ಲಿಷಿನಲ್ಲಿ ಶುರು ಮಾಡಿ, ರೋಷ ಬಂದಾಗ ಕನ್ನಡಕ್ಕೆ ಇಳಿದು, ಮೇಜು ಗುದ್ದಿ ವಾದಿಸುತ್ತಿದ್ದರು. ನಾನು ಮೀಸೆಯೊಳಗೇ ನಗುತ್ತಾ ತೀರ್ಪು ಹೇಳುತ್ತಿದ್ದೆ.

ತರಗತಿಯಲ್ಲಿ ಇಬ್ಬರೇ ಹೆಣ್ಣುಮಕ್ಕಳು. ಅವರಲ್ಲಿ ಗೌರಮ್ಮ ಬಾಯಿ ಬಿಟ್ಟವಳೇ ಅಲ್ಲ. ಒಂದು ದಿನ ವಾದ ಜೋರಾಗಿದ್ದಾಗ ಎದ್ದು ನಿಂತಳು.

“ಸಾ, ಆ ಮನೇಲಿ ಅವ್ವ ಉಣ್ತಾಳಾ ಸಾ?”

ಇಡೀ ತರಗತಿ ಗೊಳ್ಳೆಂದಿತು. ಅವಳು ಕೂರಲಿಲ್ಲ. “ಅಪ್ಪ ಉಂಡ, ಆಳುಗಳು ಉಂಡ್ರು ಅಂತ ಬರ್ದವ್ರೆ. ಅವ್ವ ಉಂಡ್ಲು ಅಂತ ಎಲ್ಲೂ ಇಲ್ವಲ್ಲ ಸಾ.”

“ಅವಳು ಮೈನರ್ ಕ್ಯಾರೆಕ್ಟರ್ ಕಣಮ್ಮ, ಸಣ್ಣ ಪಾತ್ರ. ಪರೀಕ್ಷೆಗೆ ಬರೋದಿಲ್ಲ” ಎಂದೆ. ಅವಳು ತಲೆ ತಗ್ಗಿಸಿ ಕೂತಳು.

ಇದಾದ ಕೆಲವು ದಿನಕ್ಕೆ, ಪಾಠ ನಡೆಯುತ್ತಿರುವಾಗಲೇ ಗೌರಮ್ಮನ ತಂದೆ ಶಿವಮಲ್ಲಪ್ಪನವರು ಸ್ಕೂಲಿನ ಅಂಗಳಕ್ಕೆ ಬಂದು ನಿಂತರು. ಭೀಮನಬೀಡಿನಲ್ಲಿ ಜಮೀನು, ಗುಂಡ್ಲುಪೇಟೆಯಲ್ಲಿ ಮನೆ. ಹಣೆ ತುಂಬ ವಿಭೂತಿ, ಎತ್ತರದ ಆಳು. ಸುತ್ತಲಿನ ಹಳ್ಳಿಗಳ ಜಗಳಗಳಿಗೆಲ್ಲ ಇವರದೇ ನ್ಯಾಯ.

“ಏನ್ ಮೇಷ್ಟ್ರೇ, ನಮ್ಮನೆ ಇಸ್ಯನ ಇಸ್ಕೂಲಲ್ಲಿ ಪಂಚಾಯ್ತಿಗೆ ಮಡಗಿದ್ದೀರಂತೆ?”

ನಾನು ತಬ್ಬಿಬ್ಬಾದೆ. ಊರಿಗೆ ಹೊಸಬನಾದ ನನ್ನ ಕಿವಿಯಲ್ಲಿ ಹೆಡ್‌ಮಾಸ್ಟರು ಆಮೇಲೆ ಸಂಗತಿ ಹೇಳಿದರು. ಶಿವಮಲ್ಲಪ್ಪನವರ ಒಬ್ಬನೇ ಮಗ ಮಹದೇವ ಬಂಡೀಪುರದಲ್ಲಿ ಫಾರೆಸ್ಟ್ ಗಾರ್ಡು. ಅಲ್ಲೇ ಬೇರೆ ಜಾತಿಯ, ಮಲಯಾಳಿ ಹುಡುಗಿಯನ್ನು ಮದುವೆಯಾಗಿದ್ದ. ಅಪ್ಪ ಬರೀ ಹೊರಗೆ ಹಾಕಿ ಸುಮ್ಮನಾಗಲಿಲ್ಲ. ಹಿಂದಿನ ವರ್ಷದ ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬದಲ್ಲಿ, ಸತ್ತವರಿಗೆ ಬಟ್ಟೆ ಇಟ್ಟು, ಬಾಳೆಲೆಯಲ್ಲಿ ಅಡುಗೆ ಬಡಿಸಿ ಎಡೆ ಇಡುವ ಕಡೆ, ಬದುಕಿದ್ದ ಮಗನಿಗೂ ಒಂದು ಪಂಚೆ ಮಡಗಿ ಎಡೆ ಹಾಕಿಸಿದ್ದರು. ಆ ಎಡೆಗೆ ಅಡುಗೆ ಮಾಡಿದವಳು ಹೆತ್ತ ತಾಯಿ.

ಇದು ಅಚ್ಚಾದ ಪುಸ್ತಕ, ಅಮೆರಿಕದ ಕಥೆ ಎಂದು ಎಷ್ಟು ಹೇಳಿದರೂ ಶಿವಮಲ್ಲಪ್ಪನವರಿಗೆ ನಂಬಿಕೆ ಬರಲಿಲ್ಲ. “ಅಂಗಾದ್ರೆ ನಮ್ಮ ಜಗುಲಿಗೇ ಬಂದು ಓದಿ ಏಳಿ. ನಾನೂ ಕೇಳ್ತೀನಿ” ಅಂದರು. ಹೀಗೆ ನಾನು ಆ ಮನೆಯ ಜಗುಲಿ ಹತ್ತಿದೆ.

ಸ್ಕೂಲು ಬಿಟ್ಟ ಮೇಲೆ, ದನ ಕೊಟ್ಟಿಗೆಗೆ ಬರುವ ಹೊತ್ತಿನವರೆಗೆ ಓದುತ್ತಿದ್ದೆ. ಒಂದೊಂದು ಪುಟಕ್ಕೂ ಕನ್ನಡ ಮಾಡಿ ಹೇಳುತ್ತಿದ್ದೆ. ಮೊದಲ ದಿನ ಅವರು ನನ್ನ ಸುಳ್ಳು ಹಿಡಿಯಲು ಕೂತಿದ್ದರು. ಎರಡನೆಯ ದಿನ ಕಥೆಯ ಮಗನನ್ನು ಬೈದರು. “ಒಂದು ಮಾತು ಕೇಳ್ಬೇಕಲ್ವಾ ಅಪ್ಪನ್ನ? ತಲೆ ಬಗ್ಸುದ್ರೆ ಏನ್ ಕಿರೀಟ ಬಿದ್ದೋಗ್ತಿತ್ತಾ?” ಆಮೇಲಾಮೇಲೆ ಬೈಗುಳ ಕಮ್ಮಿಯಾಯಿತು. ಕಥೆಯ ಅಪ್ಪ, ಮಗನ ಕುದುರೆಗೆ ತಾನೇ ಮೇವು ಹಾಕುವ ಭಾಗ ಬಂದಾಗ ಇವರು ಎಲೆಯಡಿಕೆ ಅಗಿಯುವುದನ್ನೇ ಮರೆತು ಕೂತರು. ನನಗೆ ಒಳಗೊಳಗೇ ಹಿಗ್ಗು. ಒಂದು ಮನೆ ಒಂದಾಗುವುದನ್ನು ಕಣ್ಣಾರೆ ಕಾಣುತ್ತೇನೆಂಬ ಆಸೆ ಹುಟ್ಟಿತ್ತು. ಎದುರಿಗೆ ಕೂತ ಅಪ್ಪನ ಮುಖವನ್ನೇ ನೋಡುತ್ತಿದ್ದೆ. ಬಂಡೀಪುರದಲ್ಲಿರುವ ಮಗನನ್ನೇ ನೆನೆಯುತ್ತಿದ್ದೆ.

ಗೌರಮ್ಮನ ತಾಯಿ ಚೆನ್ನಾಜಮ್ಮ ಹೊರಗೆ ಬಂದವರಲ್ಲ. ಬಾಗಿಲ ಹಿಂದೆ ಮೊರದ ಸದ್ದು, ಬಳೆಯ ಸದ್ದು. ಕಾಫಿಯ ಲೋಟ ಮಗಳ ಕೈಯಲ್ಲಿ ಬರುತ್ತಿತ್ತು.

ಕೊನೆಯ ಅಧ್ಯಾಯ ಓದಿ ಮುಗಿಸಿದ ಸಂಜೆ ನಾನು ಪುಸ್ತಕ ಮುಚ್ಚಿದೆ. ಒಳಗಿನಿಂದ ಕ್ಷೀಣವಾದ ದನಿ ಬಂತು.

“ಆ ಮಗ ಸಾಯಕ್ಕೆ ಮುಂಚೆ ಉಂಡಿದ್ನಾ ಮೇಷ್ಟ್ರೇ?”

ಪುಸ್ತಕದಲ್ಲಿ ಅದು ಇರಲಿಲ್ಲ. “ಉಂಡಿದ್ದ ಕಣವ್ವ, ಹೊಟ್ಟೆ ತುಂಬ ಉಂಡಿದ್ದ” ಎಂದೆ.

ಶಿವಮಲ್ಲಪ್ಪನವರು ಟವೆಲಿನಿಂದ ಮುಖ ಮುಚ್ಚಿಕೊಂಡರು. “ತಪ್ಪು ಮಾಡ್ಬುಟ್ಟೆ ಮೇಷ್ಟ್ರೇ. ಬದುಕಿರೋ ಮಗುಂಗೆ ಎಡೆ ಇಟ್ಬುಟ್ಟೆ. ಅವ್ನಿಗೇನಾರ ಆದ್ರೆ? ನಾಳೆ ಬೆಳಿಗ್ಗೆ ಓಗನ. ನೀವೂ ಬನ್ನಿ, ನಂಗೆ ಅವ್ನ ಮುಂದೆ ಮಾತು ಹೊರಡಕಿಲ್ಲ.”

ಮರುದಿನ ಭಾನುವಾರ. ಇಬ್ಬರೂ ಊಟಿ ಬಸ್ಸು ಹತ್ತಿದೆವು. ಕಾಡು ಶುರುವಾದ ಮೇಲೆ ಅವರು ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಬಂಡೀಪುರದ ಕ್ವಾರ್ಟರ್ಸಿನ ಮುಂದೆ ಮಹದೇವ ಸೌದೆ ಸೀಳುತ್ತಿದ್ದ. ಕಟ್ಟುಮಸ್ತಾದ ಆಳು, ಏನೂ ಆಗಿರಲಿಲ್ಲ. ಅಪ್ಪನನ್ನು ನೋಡಿ ಕೊಡಲಿ ಕೆಳಗಿಟ್ಟ. ಶಿವಮಲ್ಲಪ್ಪನವರು ಮಗನ ತೋಳು, ಬೆನ್ನು ಎಲ್ಲ ಸವರಿ ನೋಡಿದರು.

“ಉಣ್ಣಾಕೆ ಬಾ ಮಗ. ಸೊಸೇನೂ ಕರ್ಕೊ.”

ಮಗನ ಹೆಂಡತಿ ಬಾಗಿಲಲ್ಲೇ ಅಳುತ್ತಾ ನಿಂತಳು. ನನ್ನ ಕಣ್ಣೂ ಒದ್ದೆಯಾಯಿತು. ಕಾದಂಬರಿ ಬರೆದವನಿಗೇ ಆಗದ್ದು ನನ್ನಿಂದಾಯಿತು ಎಂದು ಬೀಗಿದೆ. ಮಧ್ಯಾಹ್ನದ ಬಸ್ಸಿಗೆ ನಾಲ್ವರೂ ಹತ್ತಿದೆವು.

ಮನೆಯ ತಿರುವಿಗೆ ಬಂದಾಗ ಜಗುಲಿಯ ತುಂಬ ಜನ. ಮಗ ಬಂದನೆಂದು ನೋಡಲು ಸೇರಿದ್ದಾರೆ ಅಂದುಕೊಂಡೆ. ಹತ್ತಿರ ಹೋದಾಗ ಗೌರಮ್ಮನ ಅಳು ಕೇಳಿಸಿತು. ಚೆನ್ನಾಜಮ್ಮ ಹೋಗಿಬಿಟ್ಟಿದ್ದರು.

ಗೌರಮ್ಮ ಬಿಕ್ಕುತ್ತಾ ಹೇಳಿದ್ದನ್ನು ಒಂದುಗೂಡಿಸಿದರೆ ಇಷ್ಟು. ಮಗನಿಗೆ ಎಡೆ ಹಾಕಿದ ದಿನದಿಂದ ಆ ತಾಯಿ ಒಪ್ಪತ್ತು ಹಿಡಿದಿದ್ದರು. ಬರಬರುತ್ತಾ ಆ ಒಂದು ಹೊತ್ತಿನ ಊಟವೂ ಎರಡು ತುತ್ತಿಗೆ ಇಳಿದಿತ್ತು. ನಮ್ಮ ಕಡೆ ಹೆಂಗಸರು ಎಲ್ಲರದೂ ಆದ ಮೇಲೆ, ಒಲೆಯ ಮುಂದೆ ಉಣ್ಣುತ್ತಾರೆ. ಅವರೇನು ಉಂಡರು, ಎಷ್ಟು ಉಂಡರು ಎಂದು ನೋಡುವವರು ಯಾರು? ಮಗಳೊಬ್ಬಳು ನೋಡಿದ್ದಳು. ಅಪ್ಪನಿಗೆ ಹೇಳಲು ಭಯ, ಅವ್ವನ ಆಣೆ ಬೇರೆ. ನನ್ನ ತರಗತಿಯಲ್ಲಿ ಎದ್ದು ನಿಂತು ಹೇಳಲು ಹೊರಟಿದ್ದು ಅದನ್ನೇ. ವಾರದಿಂದ ಜ್ವರವೂ ಇತ್ತಂತೆ. ಗಂಡ ಮಗನನ್ನು ಕರೆತರಲು ಹೊರಟದ್ದೇ ಎದ್ದು, ತಡೆದರೂ ಕೇಳದೆ, ಮಹದೇವನಿಗೆ ಇಷ್ಟವೆಂದು ಕಜ್ಜಾಯ ಮಾಡಲು ಒಲೆ ಹಚ್ಚಿದ್ದರು. ಒಂದು ಬಾಂಡಲೆ ಇಳಿಸಿ, ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ.

ಶಿವಮಲ್ಲಪ್ಪನವರು ಹೆಂಡತಿಯ ಕಾಲ ಬಳಿ ಕೂತು, “ನಾನು ಮಗನ ಜೀವಕ್ಕೆ ಎದ್ರಿ ಓಡ್ದೆ ಕಣಮ್ಮಿ, ನಿನ್ನ ನೋಡ್ನಿಲ್ಲ” ಎಂದು ಒಂದೇ ಮಾತನ್ನು ಹೇಳಿಕೊಂಡು ಅಳುತ್ತಿದ್ದರು. ಅಷ್ಟು ಮನೆಗಳ ನ್ಯಾಯ ಹೇಳಿದ ಮನುಷ್ಯ.

ಆ ವರ್ಷದ ಹಿರಿಯರ ಹಬ್ಬಕ್ಕೆ ನನ್ನನ್ನೂ ಕರೆದಿದ್ದರು. ಮಗನ ಪಂಚೆ ಇದ್ದ ಜಾಗದಲ್ಲಿ ತಾಯಿಯ ಸೀರೆ ಇತ್ತು. ಸೊಸೆಯೇ ಅಡುಗೆ ಮಾಡಿದ್ದಳು. ಎಡೆ ತೆಗೆದ ಮೇಲೆ ಮಹದೇವ ನಡುಮನೆಯಲ್ಲಿ ಅಪ್ಪನ ಪಕ್ಕ ಊಟಕ್ಕೆ ಕೂತ. ಗೌರಮ್ಮ ಡಬ್ಬಿಯಿಂದ ಒಂದು ಕಜ್ಜಾಯ ತೆಗೆದು ಅಣ್ಣನ ಎಲೆಗೆ ಬಡಿಸಿದಳು. ಅದು ಅವ್ವ ಕೊನೆಯ ಸಲ ಕರಿದಿಟ್ಟದ್ದು. ಅವನು ಕೈಯಲ್ಲಿ ಹಿಡಿದುಕೊಂಡೇ ಬಹಳ ಹೊತ್ತು ಕೂತಿದ್ದ.

ಆಮೇಲೆ ಎಷ್ಟೋ ಊರುಗಳಲ್ಲಿ, ಎಷ್ಟೋ ಕಾದಂಬರಿಗಳನ್ನು ಪಾಠ ಮಾಡಿದೆ. ಕ್ಯಾರೆಕ್ಟರು, ಕಾನ್‌ಫ್ಲಿಕ್ಟು ಎಲ್ಲ ಹೇಳಿಕೊಟ್ಟೆ. ಆದರೆ ‘ಸಣ್ಣ ಪಾತ್ರ’ ಎಂಬ ಮಾತು ಮತ್ತೆ ನನ್ನ ಬಾಯಲ್ಲಿ ಬರಲಿಲ್ಲ. ಯಾವ ಕಥೆಯೇ ಇರಲಿ, ಪುಸ್ತಕ ಮುಚ್ಚಿಸುವ ಮೊದಲು ಮಕ್ಕಳನ್ನು ಒಂದು ಪ್ರಶ್ನೆ ಕೇಳುತ್ತಿದ್ದೆ: ಈ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಊಟಕ್ಕೆ ಕೂರುವವರು ಯಾರು? ಹುಡುಗರು ನಗುತ್ತಿದ್ದರು. ಪ್ರತಿ ತರಗತಿಯಲ್ಲೂ ನಗದೆ ಕೂತ ಒಂದು ಮಗು ಇರುತ್ತಿತ್ತು. ಪಾಠ ಮುಗಿದ ಮೇಲೆ ಅದನ್ನು ಹತ್ತಿರ ಕರೆದು, ಮನೆಯಲ್ಲಿ ಅವ್ವ ಉಂಡಳಾ ಎಂದು ವಿಚಾರಿಸುತ್ತಿದ್ದೆ.