ನಾನು ಸಡಿಲಿಸಿ ಕಟ್ಟಿದ ತಂಬೂರಿ

ಸತ್ತವರು ಬಂದು ಸೂಚನೆ ಕೊಡುತ್ತಾರೆ, ಕಾಣದ ಕೈಯೊಂದು ನಮ್ಮನ್ನು ಕಾಯುತ್ತದೆ ಎಂಬಂಥ ಮಾತುಗಳನ್ನು ನಾನು ನಂಬಿದವಳಲ್ಲ. ನಂಬುವವರನ್ನು ಗೇಲಿಯನ್ನೂ ಮಾಡುತ್ತಿದ್ದೆ. ಕಾರವಾರದ ಕಡಲ ದಂಡೆಯಲ್ಲಿ, ಮೀನು ಹಿಡಿಯುವವರ ಮನೆಯಲ್ಲಿ ಹುಟ್ಟಿದವಳಿಗೆ ಇಂಥ ಕತೆಗಳಿಗೇನು ಬರ? ದೋಣಿಯ ಹಿಂದೆ ಯಾರೋ ಈಜಿಕೊಂಡು ಬಂದರಂತೆ, ನೀರೊಳಗಿಂದ ಹೆಸರು ಹಿಡಿದು ಕರೆದರಂತೆ. "ಕರೆದವರು ಬಂಗಡೆ ರೇಟು ಕೇಳಲಿಲ್ಲವೋ?" ಎಂದು ನಾನು ಕೇಳಿದರೆ ಹೇಳುತ್ತಿದ್ದವರ ಮುಖ ಸಪ್ಪಗಾಗುತ್ತಿತ್ತು. ಈಗ ಅಂಥದ್ದೇ ಒಂದನ್ನು ಬರೆಯಲು ಕೂತಿದ್ದೇನೆ. ನಿಮಗೆ ನಗು ಬಂದರೆ ನಕ್ಕುಬಿಡಿ. ನನಗೆ ಆಗಬೇಕಾದದ್ದೇ ಅದು.

ಹಾಡುವುದು ನನ್ನ ಉದ್ಯೋಗ. ಹಿಂದೂಸ್ತಾನಿ ಖ್ಯಾಲು, ಅಭಂಗ, ನಾಟ್ಯಪದ ಹಾಡಿಕೊಂಡು ಮೂವತ್ತು ವರ್ಷ ಊರೂರು ತಿರುಗಿದ್ದೇನೆ. ಜನರಿಗೆ ವೇದಿಕೆಯ ಮೇಲಿನ ರೇಷ್ಮೆ ಸೀರೆ ಕಾಣುತ್ತದೆ, ಅದರ ಹಿಂದಿನ ಗಂಟುಮೂಟೆ ಕಾಣುವುದಿಲ್ಲ. ಬಿಸಿನೀರಿನ ಥರ್ಮಾಸು, ಜ್ಯೇಷ್ಠಮಧು, ಕಲ್ಲುಸಕ್ಕರೆ, ಲವಂಗ, ಆವಿ ತೆಗೆದುಕೊಳ್ಳುವ ಯಂತ್ರ, ಹನ್ನೆರಡು ಪಿನ್ನು, ಎರಡು ಸೆಟ್ ತಂತಿ, ಎಲೆಕ್ಟ್ರಾನಿಕ್ ತಂಬೂರಿಯ ಡಬ್ಬಿ, ಅದಕ್ಕೊಂದು ಉದ್ದದ ವಯರು. ವಯರು ಯಾಕೆಂದರೆ ಸಂಘಟಕರು ಪ್ಲಗ್ ಪಾಯಿಂಟನ್ನು ಯಾವಾಗಲೂ ವೇದಿಕೆಯ ಇನ್ನೊಂದು ತುದಿಯಲ್ಲೇ ಇಟ್ಟಿರುತ್ತಾರೆ. ಇಷ್ಟೆಲ್ಲದರ ನಡುವೆ ನನ್ನನ್ನು ಹೆತ್ತ ಆಯಿ ಕದ್ದು ಒಣಸಿಗಡಿ ಚಟ್ನಿಯ ಪೊಟ್ಟಣವೊಂದನ್ನು ತುರುಕುತ್ತಾಳೆ. ಖಾರ ತಿಂದರೆ ಗಂಟಲು ಹೋಗುತ್ತದೆ ಎಂದು ನಾನು ತೆಗೆದಿಡುತ್ತೇನೆ. "ಆ ಘಟ್ಟದ ಮೇಲೆ ಎಂತಾ ಸಿಗ್ತದೆ ನಿಂಗೆ ತಿನ್ನೂಕೆ?" ಎನ್ನುತ್ತಾ ಮತ್ತೆ ಇಡುತ್ತಾಳೆ. ಈ ಜಗಳ ಮುಗಿಯದೆ ನನ್ನ ಯಾವ ಪ್ರಯಾಣವೂ ಹೊರಟದ್ದಿಲ್ಲ.

ಕೊನೆಯಲ್ಲಿ ಕಟ್ಟುವುದು ಮರದ ತಂಬೂರಿಯನ್ನು. ಅದನ್ನು ಮೀರಜಿನಿಂದ ತಂದವನು ಅಪ್ಪ. ದೋಣಿ, ಬಲೆ ಬಿಟ್ಟರೆ ಬೇರೆ ಗೊತ್ತಿಲ್ಲದ ಮನುಷ್ಯ, ನನ್ನ ಗುರುಗಳು ಕೊಟ್ಟ ಚೀಟಿ ಹಿಡಿದು ಹೋಗಿ, ಬಸ್ಸಿನಲ್ಲಿ ಅದನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದ. ಪ್ರಯಾಣದಲ್ಲಿ ತಂತಿ ಬಿಗಿಯಾಗಿದ್ದರೆ ಬುರುಡೆ ಸೀಳಬಹುದು, ಸಡಿಲ ಮಾಡಿಯೇ ಒಯ್ಯಬೇಕು ಎಂದು ಅಂಗಡಿಯವರು ಹೇಳಿದ್ದರಂತೆ. ಅದು ಅಪ್ಪನಿಗೆ ತಕ್ಷಣ ಅರ್ಥವಾಯಿತು. "ಬಂದರು ಧಕ್ಕೇಲಿ ದೋಣಿ ಕಟ್ಟೂವಾಗ್ಲೂ ಹಗ್ಗ ಬಿಗಿ ಮಾಡೂದಲ್ಲ ಮಗಾ. ನೀರಿಗೆ ಇಳಿತ ಬಂದ್ರೆ ದೋಣಿ ನೇತಾಡ್ತದೆ, ಇಲ್ದಿದ್ರೆ ಹಗ್ಗ ಹರೀತದೆ" ಎನ್ನುತ್ತಿದ್ದ.

ಅಂದಿನಿಂದ ನಾನು ಬೇರೆ ಊರಿಗೆ ಹೊರಟಾಗಲೆಲ್ಲ ತಂತಿ ಸಡಿಲಿಸುವುದು ಅವನ ಕೆಲಸವಾಯಿತು. ಆಮೇಲೆ ತಂತಿ ಬಿಗಿಯುವ ಬಿರಡೆಗಳು ಅಲುಗದಂತೆ ಹಳೆಯ ಪಂಚೆಯ ಪಟ್ಟಿಯನ್ನು ಅವುಗಳ ಸುತ್ತ ಸುತ್ತಿ, ಬಲೆ ಹೆಣೆಯುವವರ ಗಂಟೊಂದನ್ನು ಹಾಕುತ್ತಿದ್ದ. ಬಿಡಿಸುವ ಎಳೆ ಗೊತ್ತಿಲ್ಲದವರು ಎಳೆದರೆ ಇನ್ನಷ್ಟು ಬಿಗಿಯುವ ಗಂಟು. ಅವನಿಂದ ಅದನ್ನು ಕಲಿತವಳು ನಾನೊಬ್ಬಳೇ, ಆಯಿಗೂ ಬರುವುದಿಲ್ಲ. ಸಂಗೀತದಲ್ಲಿ ಅಪ್ಪನಿಗೆ ಬಂದ ವಿದ್ಯೆ ಇಷ್ಟೇ. ಸ ಯಾವುದು, ಪ ಯಾವುದು ಎಂದು ಕೇಳಿದರೆ, "ಬಂಗಡೆ ಯಾವ್ದು, ತಾರ್ಲೆ ಯಾವ್ದು ಕೇಳು, ಹೇಳ್ತೆ" ಎಂದು ನಗುತ್ತಿದ್ದ. ಅವನು ತೀರಿಕೊಂಡ ಮೇಲೆ ಆ ಕೆಲಸ ನಾನೇ ಮಾಡುತ್ತಿದ್ದೇನೆ.

ಈಗ ನಾಲ್ಕು ವರ್ಷದ ಹಿಂದಿನ ಮಾತಿಗೆ ಬರುತ್ತೇನೆ. ಒಂದು ಕೆಮ್ಮು ಹಿಡಿದು, ಬಿಡದೆ, ಕಡೆಗೆ ನನ್ನ ಧ್ವನಿಯನ್ನೇ ತಿಂದುಹಾಕಿತು. ಹುಬ್ಬಳ್ಳಿಯ ವೈದ್ಯರು ನೋಡಿ ಗಂಟಲಲ್ಲಿ ಸಣ್ಣ ಗುಳ್ಳೆಯೆದ್ದಿದೆ ಎಂದರು. ಮೂರು ತಿಂಗಳು ಹಾಡಲೇಬಾರದು, ಆಮೇಲೂ ಜಬರದಸ್ತಿಯಿಂದ ಎತ್ತರಕ್ಕೆ ಹೋಗಬಾರದು, ಹೋದರೆ ಧ್ವನಿ ತಿರುಗಿ ಬರುವ ಭರವಸೆ ನಾನು ಕೊಡಲಾರೆ ಎಂದು ಖಡಾಖಂಡಿತವಾಗಿ ಹೇಳಿದರು.

ನಾನು ಯಾವಾಗಲೂ ಹಾಡುತ್ತಿದ್ದದ್ದು ಕರಿ ನಾಲ್ಕರಲ್ಲಿ, ಅಂದರೆ ಹಾರ್ಮೋನಿಯಂನ ನಾಲ್ಕನೆಯ ಕಪ್ಪು ಮನೆಯನ್ನು ಸ ಎಂದು ಹಿಡಿದು. ಶ್ರುತಿ ಎಂಬುದು ಹಾಡುವವರಿಗೆ ಮನೆ ವಿಳಾಸ ಇದ್ದಂತೆ. ಒಂದು ಮನೆ ಕೆಳಗಿಳಿದು ಕರಿ ಮೂರಕ್ಕೆ ಬಂದರೆ ಗಂಟಲಿಗೆ ಆರಾಮವೇನೋ ಹೌದು, ಆದರೆ 'ಪಾಪ, ಇವಳದ್ದು ಮುಗೀತು' ಎಂದು ಮಾತಾಡುವವರು ಪ್ರತಿ ಊರಲ್ಲೂ ಇರುತ್ತಾರೆ. ನಾನೇ ಬೇರೆಯವರ ಬಗ್ಗೆ ಹಾಗೆ ಮಾತಾಡಿದ್ದೇನೆ, ಸುಳ್ಳು ಯಾಕೆ ಹೇಳಲಿ? ಹಾಗಾಗಿ ವೈದ್ಯರ ಮಾತನ್ನು ಯಾರಿಗೂ ಹೇಳಲಿಲ್ಲ. ಆಯಿಗೆ ನೆಗಡಿ ಎಂದೆ, ಶಿಷ್ಯರಿಗೆ ಪುರುಸೊತ್ತಿಲ್ಲ ಎಂದೆ. ಎಂಟು ತಿಂಗಳ ನಂತರ ಧಾರವಾಡದಿಂದ ಕಾರ್ಯಕ್ರಮವೊಂದು ಬಂದಾಗ ಒಪ್ಪಿಕೊಂಡೆ. ಅದೂ ಕರಿ ನಾಲ್ಕರಲ್ಲೇ ಹಾಡುವುದೆಂದು ಹಟ ಹಿಡಿದು ಒಪ್ಪಿಕೊಂಡೆ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ತಂಬೂರಿಯನ್ನು ಕರಿ ನಾಲ್ಕಕ್ಕೆ ಹಚ್ಚಿ ಕೂತೆ. ಮೇಲಿನ ಸ ಹತ್ತಿರ ಬರುತ್ತಿದ್ದಂತೆ ಧ್ವನಿ ಹಳೇ ಬಟ್ಟೆ ಹರಿದ ಹಾಗೆ ಹರಿಯಿತು. ಇನ್ನೊಮ್ಮೆ ಹೋದೆ, ಮತ್ತೆ ಹರಿಯಿತು. ಅಡುಗೆಮನೆಯಿಂದ ಆಯಿ, "ಇವತ್ತಿಗೆ ಸಾಕು ಮಗಾ" ಎಂದಳು. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು. ಸಿಟ್ಟಿನಲ್ಲೇ ನಾಲ್ಕೂ ತಂತಿಗಳನ್ನು ಸಡಿಲಿಸಿದೆ, ಜೋತುಬೀಳುವಷ್ಟು ಸಡಿಲಿಸಿದೆ. ಆಯಿ ಬಂದು ಪಟ್ಟಿಯ ಒಂದು ತುದಿ ಹಿಡಿದುಕೊಂಡಳು. ನಾನು ಸುತ್ತಿ, ಗಂಟು ಹಾಕಿ, ಪೆಟ್ಟಿಗೆ ಮುಚ್ಚಿ, ನನ್ನ ಮಂಚದ ಪಕ್ಕದಲ್ಲೇ ಇಟ್ಟುಕೊಂಡೆ.

ಬೆಳಿಗ್ಗೆ ಆರಕ್ಕೆ ಬಾಡಿಗೆ ಕಾರು ಬಂತು. ಪೆಟ್ಟಿಗೆಯನ್ನು ಹಿಂದಿನ ಸೀಟಿನಲ್ಲಿ ನನಗೆ ತಾಗಿಸಿ ಇಟ್ಟುಕೊಂಡು ಕೂತೆ. ಅಂಕೋಲೆಯಲ್ಲಿ ತಬಲಾ ನುಡಿಸುವ ನಾಗೇಂದ್ರ ಹತ್ತಿದ. ಹದಿನೈದು ವರ್ಷದಿಂದ ನನ್ನ ಜೊತೆ ಇರುವವನು, ಅಕ್ಕಾ ಎಂದು ಕರೆಯುತ್ತಾನೆ. ಸುಂಕಸಾಳದಲ್ಲಿ ಅವನೂ ಡ್ರೈವರೂ ಚಾಕ್ಕೆ ಇಳಿದರು, ನಾನು ಇಳಿಯಲಿಲ್ಲ. ಇಳಿದರೆ ಮಾತಾಡಬೇಕಾಗುತ್ತದೆ, ಮಾತಾಡಿದರೆ ಗಂಟಲು ದಣಿಯುತ್ತದೆ ಎಂಬ ಹೆದರಿಕೆ. ನಾಗೇಂದ್ರ ಕಿಟಕಿಯಿಂದಲೇ ಒಂದು ಲೋಟ ಬಿಸಿನೀರು ಕೊಟ್ಟ. ಧಾರವಾಡದ ಸಭಾಂಗಣ ಮುಟ್ಟುವವರೆಗೂ ಪೆಟ್ಟಿಗೆಯ ಮೇಲಿಂದ ನನ್ನ ಕೈ ತೆಗೆದದ್ದಿಲ್ಲ.

ಮಧ್ಯಾಹ್ನವೆಲ್ಲ ವೇದಿಕೆಯ ಪಕ್ಕದ ಕೋಣೆಯಲ್ಲಿ ಪೆಟ್ಟಿಗೆಯ ಬಳಿಯೇ ಒರಗಿದ್ದು, ಸಂಜೆ ಐದಕ್ಕೆ ಅದನ್ನು ತೆರೆದೆ. ಪಟ್ಟಿ ಇತ್ತು, ಗಂಟೂ ಇತ್ತು, ನಾನು ಹಾಕಿದ್ದ ಹಾಗೇ ಇತ್ತು. ಎಳೆ ಹಿಡಿದು ಬಿಡಿಸಿದೆ. ತಂಬೂರಿಯನ್ನು ಎತ್ತಿಕೊಳ್ಳುವಾಗ ಬೆರಳು ಸುಮ್ಮನೆ ತಂತಿಗೆ ತಾಗಿತು.

ತಂತಿ ನುಡಿಯಿತು. ಸಡಿಲ ತಂತಿ ಮಾಡುವ ಡಬಡಬ ಸದ್ದಲ್ಲ, ತುಂಬು ನಾದ. ನಾಲ್ಕೂ ಮೀಟಿದೆ. ಪ, ಸ, ಸ, ಕೆಳಗಿನ ಸ. ಕೂದಲೆಳೆಯಷ್ಟೂ ತಪ್ಪಿಲ್ಲದೆ ಕೂಡಿದ್ದವು. ನಾನು ಅರ್ಧ ತಾಸು ತಿಣುಕಿದರೂ ಅಷ್ಟು ಚೆನ್ನಾಗಿ ಶ್ರುತಿ ಸೇರಿಸಿದವಳಲ್ಲ. ಅಯ್ಯೋ ದೇವರೇ ಎಂದು ಅಲ್ಲೇ ಚಾಪೆಯ ಮೇಲೆ ಕೂತು ಮತ್ತೊಮ್ಮೆ ಮೀಟಿದೆ.

ಹಾರ್ಮೋನಿಯಂ ನುಡಿಸುವ ಸ್ಥಳೀಯ ಮಾಸ್ತರರು ಎದುರಿಗೇ ಇದ್ದರು. ಅವರು ನಾದ ಕೇಳಿ ತಮ್ಮ ಪೇಟಿಯ ಮನೆ ಒತ್ತಿ ನೋಡಿ, "ಅಕ್ಕಾರ, ಇವತ್ತ ಕರಿ ಮೂರೇನ್ರಿ? ನಿಮ್ದು ನಾಲ್ಕ ಅಂತ ಕೇಳಿದ್ದೆ" ಎಂದರು.

ಕರಿ ಮೂರು. ನನ್ನ ಗಂಟಲು ಬೇಡುತ್ತಿದ್ದ ಮನೆ. ನಾನು ಬಾಯಿಬಿಟ್ಟು ಯಾರಿಗೂ ಹೇಳದ ಮನೆ. ಬಿರಡೆ ತಿರುಗಿಸಿ ನಾಲ್ಕಕ್ಕೆ ಏರಿಸಲು ಇನ್ನೂ ಅರ್ಧ ತಾಸು ಸಮಯವಿತ್ತು. ಕೈ ಬಿರಡೆಯ ಮೇಲೆ ಹೋಯಿತು ಕೂಡ. ಆದರೆ ತಿರುಗಿಸಲು ಮನಸ್ಸು ಬರಲಿಲ್ಲ. ಯಾರೋ ಕಷ್ಟಪಟ್ಟು ಮಾಡಿಟ್ಟದ್ದನ್ನು ಕೆಡಿಸುವುದು ಹೇಗೆ ಎನಿಸಿತು. "ಹೌದ್ರಿ ಮಾಸ್ತರ, ಕರಿ ಮೂರು. ಇನ್ನು ಮುಂದೆ ಇದೇ" ಎಂದೆ. ಅಷ್ಟು ಹೇಳಿದ್ದೇ ಎಂಟು ತಿಂಗಳಿಂದ ಹೊತ್ತ ಮೂಟೆ ಇಳಿಸಿದಂತಾಯಿತು. ನಾಗೇಂದ್ರ ಕರಿ ಮೂರಕ್ಕೆ ಹೊಂದುವ ಬೇರೆ ತಬಲಾ ತೆಗೆದ.

ಅಂದು ಎರಡು ತಾಸು ಹಾಡಿದೆ. ಮೇಲಿನ ಸ ಸುಮ್ಮನೆ ಬಂದು ನಿಂತಿತು. ನೋವಿಲ್ಲ, ಬಿರುಕಿಲ್ಲ. ಕಣ್ಣು ತುಂಬಿ ಎದುರಿಗಿದ್ದ ಜನ ಮಸುಕಾದರು. ಮುಗಿದ ಮೇಲೆ ವಯಸ್ಸಾದವರೊಬ್ಬರು ಬಂದು, ನಿಮ್ಮ ಧ್ವನಿಗೆ ಈಗ ತೂಕ ಬಂದಿದೆ ಎಂದರು. ಮುಗೀತು ಎಂದು ಅಂದವರೂ ಇದ್ದಿರಬಹುದು, ನನ್ನ ಕಿವಿಗೆ ಬೀಳಲಿಲ್ಲ. ಮುಂದಿನ ತಿಂಗಳು ವೈದ್ಯರು ಗಂಟಲು ನೋಡಿ, "ಗುಳ್ಳೆ ಇಳಿದಿದೆ, ಜಬರದಸ್ತಿ ಮಾಡದೇ ಇದ್ದದ್ದು ಒಳ್ಳೇದಾಯ್ತು" ಎಂದರು. ಮಾಡಲು ಹೊರಟವಳನ್ನು ತಡೆದವರು ಯಾರು ಎಂದು ನಾನು ಅವರಿಗೆ ಹೇಗೆ ಹೇಳಲಿ?

ವಿಚಾರ ಮಾಡದೆ ಬಿಟ್ಟೆ ಎಂದುಕೊಳ್ಳಬೇಡಿ. ವಾಪಸು ಬರುವಾಗ ನಾಗೇಂದ್ರನಿಗೆ ಎಲ್ಲವನ್ನೂ ಹೇಳಿದೆ, ಗುಳ್ಳೆಯ ವಿಷಯವನ್ನೂ ಸೇರಿಸಿ. ಅವನು, "ಅಕ್ಕಾ, ನೀವು ಸಡಿಲ ಮಾಡೂಕೇ ಮರ್ತಿದ್ರಿ ಕಾಣ್ತದೆ. ಘಟ್ಟ ಹತ್ತುವಾಗ ಹವೆ ಬದಲಾಗಿ ಒಂದು ಮನೆ ಇಳ್ದಿರ್ಬೇಕು" ಎಂದ. ಒಳ್ಳೆಯ ಮಾತೇ. ಹವೆಗೆ ತಂತಿ ಇಳಿಯುವುದುಂಟು. ಆದರೆ ಇಳಿದರೆ ಒಂದೊಂದು ಒಂದೊಂದು ರೀತಿ ಇಳಿಯುತ್ತದೆ, ನಾಲ್ಕೂ ಮಾತಾಡಿಕೊಂಡು ಸರಿಯಾಗಿ ಒಂದೇ ಮನೆ ಇಳಿಯುತ್ತವೆಯೇ? ಅದು ಅವನಿಗೂ ಗೊತ್ತು.

ಮನೆಗೆ ಬಂದು, ಅಂದು ನಾನು ತಂತಿ ಸಡಿಲಿಸಿದ್ದೆನೇ ಎಂದು ಆಯಿಯನ್ನು ಕೇಳಿದೆ. ಅವಳು ಅಂಗಳದಲ್ಲಿ ಮೀನು ಹೆಚ್ಚುತ್ತಿದ್ದಳು. "ಸಡಿಲ ಮಾಡ್ದೆ ಎಂತಾ? ಪಟ್ಟಿ ಹಿಡ್ಕಂಡಿದ್ದು ನಾನೇ ಅಲ್ದಾ? ತಂತಿ ಜೋತಾಡ್ತಿತ್ತು" ಎಂದಳು. ಹಾಗಾದರೆ ಬಿಗಿದವರು ಯಾರು ಎಂದೆ. ಕತ್ತಿ ನಿಲ್ಲಿಸಿದಳು. "ಇಳಿತ ಆದಾಗ ಹಗ್ಗ ಎಷ್ಟು ಬಿಡ್ಬೇಕು ಅಂತ ನಿನ್ನ ಅಪ್ಪಂಗೆ ಬೇರೆಯವರು ಹೇಳ್ಬೇಕಿತ್ತಾ?"

ನನ್ನ ಹಳೇ ಚಾಳಿ ಬಿಡಬೇಕಲ್ಲ, "ಆಯೀ, ಅಪ್ಪನಿಗೆ ಸ ಯಾವುದು ಪ ಯಾವುದು ಗೊತ್ತೇ ಇರಲಿಲ್ಲ, ಶ್ರುತಿ ಹೇಗೆ ಸೇರಿಸ್ತಾನೆ?" ಎಂದೆ. ಆಯಿ ಒಂದು ಗಳಿಗೆ ಯೋಚಿಸಿ, "ಅದೂ ಹೌದು" ಎಂದು ಮತ್ತೆ ಮೀನು ಹೆಚ್ಚತೊಡಗಿದಳು.

ನನ್ನ ತೊಂದರೆ ಇದೇ. ಭೂತವೆಂದು ಒಪ್ಪಿಕೊಂಡರೂ ಸರಿಹೊಂದುವುದಿಲ್ಲ, ಅಲ್ಲವೆಂದರೂ ಹೊಂದುವುದಿಲ್ಲ. ಒಂದೇ ಗೊತ್ತು, ನಾನು ಇವತ್ತಿಗೂ ಹಾಡುತ್ತಿದ್ದೇನೆ. ಇದನ್ನು ಬರೆಯುತ್ತಿರುವಾಗಲೂ ಪಕ್ಕದಲ್ಲಿ ನಾಳೆಯ ಪ್ರಯಾಣದ ಚೀಲ ಬಾಯಿ ತೆರೆದು ಕೂತಿದೆ, ಒಳಗೆ ಚಟ್ನಿಯ ಪೊಟ್ಟಣವೂ ಇದೆ. ಅದನ್ನು ಈಗ ನಾನು ತೆಗೆದಿಡುವುದಿಲ್ಲ.

ಅಂಥದ್ದು ಮತ್ತೆಂದೂ ಆಗಲಿಲ್ಲ. ಪ್ರತಿ ಊರಿನಲ್ಲೂ ಗಂಟು ಬಿಡಿಸಿದ ಮೇಲೆ ಬೆರಳನ್ನು ತಂತಿಯ ಹತ್ತಿರ ತಂದು ಒಂದು ಗಳಿಗೆ ಕಾಯುತ್ತೇನೆ. ಆಮೇಲೆ ಮೀಟುತ್ತೇನೆ. ಸಡಿಲ ತಂತಿ ಡಬಡಬ ಎನ್ನುತ್ತದೆ. "ಆಯ್ತು, ನಾನೇ ಮಾಡ್ಕಂತೆ" ಎಂದು ಮೆಲ್ಲಗೆ ಹೇಳಿ, ಕರಿ ಮೂರಕ್ಕೆ ಬಿಗಿಯತೊಡಗುತ್ತೇನೆ.