ಸಾಕ್ಷಿಗೆ ಹೋದ ಊರುಗೋಲು

ಪವಾಡ ಎಂಬ ಮಾತು ಕಿವಿಗೆ ಬಿದ್ದರೆ ಇಂದಿಗೂ ನನಗೆ ಮೈ ಉರಿಯುತ್ತದೆ. ದೇವರ ಮೇಲೆ ಸಿಟ್ಟಿಲ್ಲ. ಭಾನುವಾರದ ಪೂಜೆ ಈಗಲೂ ತಪ್ಪಿಸುವವಳಲ್ಲ ನಾನು. ಸಿಟ್ಟಿರುವುದು ಎಪ್ಪತ್ತರ ದಶಕದ ಕೊನೆಗೆ ನಮ್ಮ ಮುದ್ದೇಬಿಹಾಳಕ್ಕೆ ಜೀಪಿನಲ್ಲಿ ಬಂದಿಳಿದ ಆ ಪ್ರಾರ್ಥನಾ ತಂಡದ ಮೇಲೆ.

ಊರಲ್ಲಿ ಕಥೋಲಿಕರ ಮನೆಗಳು ಬೆರಳೆಣಿಕೆಯಷ್ಟು. ಅವ್ವನ ತವರು ಮುದಗಲ್ಲು, ತಲೆಮಾರುಗಳಿಂದ ಕ್ರೈಸ್ತರು. ನಮಗೆ ಗೊತ್ತಿದ್ದ ಭಕ್ತಿ ಎಂದರೆ ತಲೆಗೆ ಸೆರಗು ಹೊದ್ದು, ಮೊಣಕಾಲೂರಿ, ತುಟಿಯಲ್ಲೇ ಜಪಸರ ಹೇಳುವುದು. ಈ ತಂಡದವರೋ ಕೈ ಎತ್ತಿ ಹಾಡುತ್ತಿದ್ದರು, ಚಪ್ಪಾಳೆ ತಟ್ಟುತ್ತಿದ್ದರು, ಪವಿತ್ರಾತ್ಮ ಇಳಿಯಿತೆಂದು ಯಾರಿಗೂ ತಿಳಿಯದ ಭಾಷೆಯಲ್ಲಿ ಮಾತಾಡುತ್ತಿದ್ದರು. ಅದಕ್ಕೆ ನನ್ನ ತಕರಾರಿಲ್ಲ. ಹಾಡು ನನಗೂ ಹಿಡಿಸಿತ್ತು, ಗಂಟಲು ಬಿಚ್ಚಿ ಹಾಡಿದ್ದೆ.

ನನ್ನ ತಂಗಿಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಎಡಗಾಲು ಬತ್ತಿತ್ತು. ಅಪ್ಪ ತಾಳಿಕೋಟೆಯ ಬಡಿಗರಿಂದ ಊರುಗೋಲು ಮಾಡಿಸಿ ತಂದಿದ್ದ. ಬಗಲಿಗೆ ಒತ್ತುವ ಕಡೆ ಅವ್ವ ತನ್ನ ಹಳೆಯ ಇಳಕಲ್ ಸೀರೆಯ ತುಂಡು ಸುತ್ತಿ ಹೊಲಿದಿದ್ದಳು. ಅದನ್ನು ಊರಿಕೊಂಡು ಅವಳು ಶಾಲೆಗೆ ಹೋಗುತ್ತಿದ್ದಳು, ಅಂಗಡಿಗೆ ಹೋಗುತ್ತಿದ್ದಳು, ಓಣಿಯ ಹುಡುಗರ ಜೊತೆ ಜಗಳಕ್ಕೂ ಹೋಗುತ್ತಿದ್ದಳು.

ಕೂಟದ ಕೊನೆಯ ದಿನ ತಂಡದ ಮುಖಂಡ, ಕರಾವಳಿ ಕಡೆಯವನು, ಅವಳನ್ನು ಮುಂದಕ್ಕೆ ಕರೆದ. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ. ಊರುಗೋಲು ಕಿತ್ತುಕೊಂಡು, "ನಂಬು ಮಗಳೇ, ನಡೆ" ಎಂದ. ಇಬ್ಬರು ಗಂಡಸರು ಅವಳ ರಟ್ಟೆ ಹಿಡಿದು, ಹೆಚ್ಚುಕಡಿಮೆ ಎತ್ತಿಕೊಂಡೇ ನಡೆಸಿದರು. ಎಡಗಾಲು ನೆಲಕ್ಕೆ ತಾಗಲೇ ಇಲ್ಲ! ನೋಡುವವರು ಯಾರು? ಎಲ್ಲರೂ ಕಣ್ಣು ಮುಚ್ಚಿ "ಅಲ್ಲೆಲೂಯ" ಕೂಗುತ್ತಿದ್ದರು. ಅವ್ವ ಅಳುತ್ತ ನೆಲಕ್ಕೆ ಹಣೆ ಹಚ್ಚಿದ್ದಳು.

"ಇನ್ನು ಈ ಕೋಲು ಮುಟ್ಟಿದರೆ ದೇವರನ್ನು ನಂಬಲಿಲ್ಲ ಅಂತಲೇ ಅರ್ಥ. ಇದನ್ನು ಸಾಕ್ಷಿಗೆ ಒಯ್ಯುತ್ತೇವೆ" ಎಂದು ಅದನ್ನು ಜೀಪಿಗೆ ಹಾಕಿಸಿದ. ಗುಣವಾದವರು ಬಿಟ್ಟ ಕೋಲು, ಕನ್ನಡಕಗಳನ್ನು ಮುಂದಿನ ಊರಿನಲ್ಲಿ ಎತ್ತಿ ತೋರಿಸುವುದು ಅವರ ಪದ್ಧತಿಯಂತೆ. ಕೋಲು ಯಾರದೋ ಅವಳನ್ನು ಒಂದು ಮಾತು ಕೇಳುವ ಸೌಜನ್ಯ ಒಬ್ಬನಿಗೂ ಇರಲಿಲ್ಲ.

ಮರುದಿನ ಬೆಳಿಗ್ಗೆ ತಂಗಿ ಹೊಸ್ತಿಲಲ್ಲೇ ಬಿದ್ದಳು. ಗದ್ದ ಒಡೆಯಿತು. ಶಾಲೆ ತಪ್ಪಿತು, ಬಚ್ಚಲಿಗೂ ತೆವಳಿಕೊಂಡು ಹೋಗುವ ಗತಿ ಬಂತು. ನಮಗೆ ಧರ್ಮಪಾಠ ಹೇಳುತ್ತಿದ್ದ ಉಪದೇಶಿ ನೋಡಲು ಬಂದ. ಮರುಗುತ್ತಾನೆ ಅಂದುಕೊಂಡರೆ, "ಮನ್ಯಾಗ ಯಾರದೋ ವಿಶ್ವಾಸ ಕಡಿಮಿ ಐತಿ, ಅದಕ್ಕ ಹಿಂಗಾಗೇತಿ ನೋಡ್ರಿ" ಅಂದ. ಅಷ್ಟು ಸಾಕಾಯಿತು, ಅವ್ವ ಉಪವಾಸ ಹಿಡಿದಳು. ನನಗೆ ಸಿಟ್ಟು ನೆತ್ತಿಗೇರಿತು.

"ಕೋಲು ಒಯ್ದವ್ರು ಅವ್ರು, ಉಪಾಸ ಬೀಳೂದು ನೀನೇನವ್ವ? ತಲಿ ಕೆಟ್ಟೈತೇನು ನಿನಗ?" ಎಂದು ಕೂಗಾಡಿದೆ.

"ಇನ್ನೊಂದು ಮಾಡಿಸಿದ್ರಾತು ಬಿಡ್ರಿ, ಯಾಕ ಗದ್ದಲ" ಅಂದ ಅಪ್ಪ.

ತಂಗಿ ಒಪ್ಪಲಿಲ್ಲ. "ನಾ ನಡ್ಯಾಕತ್ತೇನಿ ಅಂತ ಊರೂರಿಗೆ ಸುಳ್ಳು ಹೇಳ್ಕೋತ ಹೊಂಟಾರಪ್ಪ. ನನಗ ನನ್ನ ಕೋಲೇ ಬೇಕು."

ತಂಡ ಸಿಂದಗಿಯಲ್ಲಿದೆ ಎಂದು ಗೊತ್ತಾಯಿತು. ತಂಗಿಯನ್ನು ಬೆನ್ನಿಗೆ ಹಾಕಿಕೊಂಡು ನಾನು ಬಸ್ಸು ಹತ್ತಿದೆ. "ಬ್ಯಾಡವ್ವ, ದೇವರ ಮಂದಿ ಜೋಡಿ ಜಗಳ ಬ್ಯಾಡ" ಅನ್ನುತ್ತಲೇ ಅವ್ವನೂ ಹಿಂದೆ ಹತ್ತಿದಳು. ತಾಳಿಕೋಟೆಯಲ್ಲಿ ಬಸ್ಸು ಬದಲಿಸುವಾಗ ಯಾರೋ ಅಜ್ಜಿ, "ಏನಾಗೇತವ್ವ ಹುಡುಗಿಗೆ?" ಎಂದು ಕೇಳಿದಳು.

"ಕಾಲು ಆರಾಮಾಗೇತಬೇ, ಅದಕ್ಕ ನಡ್ಯಾಕ ಬರವಲ್ದು" ಅಂದಳು ನನ್ನ ತಂಗಿ.

ಸಿಂದಗಿಯಲ್ಲಿ ಕೂಟ ನಡೆದಿದ್ದ ಸಭಾಂಗಣದೊಳಗೆ ಜಮಖಾನೆಯ ಮೇಲೆ ಜನ ಕಿಕ್ಕಿರಿದು ಕೂತಿದ್ದರು. ಆ ಮನುಷ್ಯ ನಮ್ಮ ಊರುಗೋಲನ್ನು ಎತ್ತಿ ಹಿಡಿದು, "ಮುದ್ದೇಬಿಹಾಳದ ಹುಡುಗಿ ಇವತ್ತು ಓಡಾಡುತ್ತಿದ್ದಾಳೆ!" ಎಂದು ಸಾರುತ್ತಿದ್ದ. ಚಪ್ಪಾಳೆಯೋ ಚಪ್ಪಾಳೆ. ಎಲಾ ಇವನ! ಕೂಗಬೇಕೆಂದು ನಾನು ಬಾಯಿ ತೆರೆದೆ. ತಂಗಿ ಹಿಂದಿನಿಂದ ನನ್ನ ಬಾಯಿ ಮುಚ್ಚಿ, "ನನ್ನ ಇಳಸು" ಅಂದಳು.

ಇಳಿಸಿದೆ. ಜನರ ನಡುವೆ ತೆವಳಿಕೊಂಡು ಅವನ ಕಾಲ ಬಳಿಗೇ ಹೋದಳು. ಅವನು ಬಗ್ಗಿ ಅವಳ ಮುಖವನ್ನು ನೇರವಾಗಿ ನೋಡಿದ. ಗುರುತೇ ಹತ್ತಲಿಲ್ಲ ಅವನಿಗೆ. ಊರುಗೋಲನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದನ್ನು ಅವಳ ತಲೆಯ ಮೇಲಿಟ್ಟು, "ನಂಬು ಮಗಳೇ. ಆ ಹುಡುಗಿಯನ್ನು ಎಬ್ಬಿಸಿದ ದೇವರು ನಿನ್ನನ್ನೂ ಎಬ್ಬಿಸುತ್ತಾನೆ" ಎಂದ.

"ಆ ಹುಡುಗಿ ನಾನೇ ರೀ" ಅಂದಳು ತಂಗಿ. "ನನ್ನ ಕೋಲು ಕೊಡ್ರಿ."

ಅವನು ಕೊಡುವವರೆಗೆ ಕಾಯಲಿಲ್ಲ, ಕಸಿದುಕೊಂಡಳು. ಬಗಲಿಗೆ ಕೊಟ್ಟುಕೊಂಡು ಎದ್ದು ನಿಂತಳು. ಅಷ್ಟೂ ಜನರ ನಡುವೆ, ಯಾರೂ ಹಿಡಿಯದೆ, ಒಬ್ಬಳೇ ಬಾಗಿಲವರೆಗೆ ನಡೆದು ಬಂದಳು.

ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ.