ಯುಪಿಎಸ್ ಬದಲಿಗೆ ರೇಣುಕಾ

ಕರೆಂಟು ಹೇಳದೆ ಕೇಳದೆ ಹೋಗುತ್ತಿದ್ದ ಕಾಲವದು. ಒಂಬತ್ತನೆಯ ತರಗತಿ ಮುಗಿಸಿ ಬೇಸಿಗೆ ರಜೆಯಲ್ಲಿದ್ದೆ. ಕುಷ್ಟಗಿಯ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ಕಂಪ್ಯೂಟರ್ ಇರಲಿಲ್ಲ. ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ, ನನ್ನ ಓದಿಗೆ ಅನುಕೂಲವೆಂದು ನಂಬಿ, ಇಷ್ಟು ದುಡ್ಡಿನಲ್ಲಿ ಏನು ಬರುತ್ತದೋ ಅದನ್ನು ತರೋಣ ಎಂದರು. ನನಗೆ ಬೇಕಾಗಿದ್ದು ಕಾರ್ ರೇಸ್. ಅದನ್ನು ಅಪ್ಪನಿಗೆ ಹೇಳುವಷ್ಟು ದಡ್ಡ ನಾನಾಗಿರಲಿಲ್ಲ.

ಕೊಪ್ಪಳದ ಅಂಗಡಿಯವರು ಬಿಡಿಭಾಗಗಳ ಪಟ್ಟಿ ಬರೆದುಕೊಟ್ಟಿದ್ದರು. ಅದನ್ನು ಹಿಡಿದು ನಾನೂ ಎದುರು ಮನೆಯ ರೇಣುಕಾಳೂ ಕಟ್ಟೆಯ ಮೇಲೆ ಚುರುಮುರಿ ತಿನ್ನುತ್ತ ಕೂತೆವು. ಅವಳು ನನ್ನದೇ ತರಗತಿ, ಅವಳಪ್ಪ ಲೈನ್‌ಮನ್. ಪಟ್ಟಿಯಿಂದ ಸ್ಪೀಕರ್ ಹೊಡೆದುಹಾಕಿದೆವು, ಹಳೆಯ ಟೇಪ್‌ರೆಕಾರ್ಡರಿನದು ಮನೆಯಲ್ಲಿತ್ತು. ಮಾನಿಟರ್ ಸೆಕೆಂಡ್‌ಹ್ಯಾಂಡ್ ಸಾಕೆಂದೆವು. ಕೊನೆಗೆ ಉಳಿದದ್ದು ಗ್ರಾಫಿಕ್ಸ್ ಕಾರ್ಡ್ ಮತ್ತು ಯುಪಿಎಸ್. ಕಾರ್ಡ್ ಇಲ್ಲದಿದ್ದರೆ ರೇಸಿನ ಕಾರು ಎತ್ತಿನ ಗಾಡಿಯಾಗುತ್ತಿತ್ತು. ಯುಪಿಎಸ್ ಇಲ್ಲದಿದ್ದರೆ ಕರೆಂಟು ಹೋದ ಕೂಡಲೇ ಕಂಪ್ಯೂಟರ್ ಬಂದ್, ಆಡಿದ್ದೆಲ್ಲ ಮಣ್ಣುಪಾಲು. ಎರಡಕ್ಕೂ ದುಡ್ಡು ಸಾಲದು.

ರೇಣುಕಾ ನನ್ನ ಪೆನ್ನು ಕಸಿದು ಯುಪಿಎಸ್ ಮೇಲೆ ಗೀಟು ಎಳೆದಳು. "ಕರೆಂಟ್ ಯಾವಾಗ ತಗೀತಾರ ಅಂತ ನಮ್ಮಪ್ಪ ಊಟಕ್ಕ ಬಂದಾಗ ಹೇಳ್ತಾನ. ನಾ ಬಂದು ನಿನಗ ಹೇಳ್ತೀನಿ. ಆದ್ರ ದಿನಾ ನನಗೂ ಒಂದು ರೇಸ್ ಆಡಾಕ ಕೊಡಬೇಕ ನೋಡು."

ಆಗಲಿ ಎಂದೆ. ಮಾತು ಕೊಡುವುದಕ್ಕೇನು ದುಡ್ಡು ಕೊಡಬೇಕೆ?

ಕಂಪ್ಯೂಟರ್ ಬಂತು. ಹೊಸ ಬೋರ್ಡಿನ ವಾಸನೆ ಪಡಸಾಲೆ ತುಂಬಾ ಹರಡಿತು. ಕಂಪ್ಯೂಟರಿನ ಡಬ್ಬಿ ಕಾದು ಹೋಗುತ್ತಿತ್ತೆಂದು ಅದರ ಪಕ್ಕದ ತಗಡು ಬಿಚ್ಚಿ ಟೇಬಲ್ ಫ್ಯಾನ್ ಇಟ್ಟೆ. ಮನುಷ್ಯರಿಗಿಲ್ಲದ ಗಾಳಿ ಡಬ್ಬಿಗೆ ಬಂತಲ್ಲ ಎಂದು ಅಜ್ಜಿ ಬೀಸಣಿಗೆ ಹಿಡಿದು ದಿನವೂ ಗೊಣಗುತ್ತಿದ್ದಳು.

ರೇಣುಕಾ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಬಿಸಿಲಲ್ಲಿ ಬರಿಗಾಲಲ್ಲೇ ಓಡಿ ಬಂದು, ಕರೆಂಟು ಇಂಥ ಹೊತ್ತಿಗೆ ಹೋಗುತ್ತದೆ ಎನ್ನುತ್ತಿದ್ದಳು. ಆಮೇಲೆ ನನ್ನ ಆಟ ಮುಗಿಯಲೆಂದು ಪಕ್ಕದಲ್ಲಿ ಕಾಯುತ್ತಿದ್ದಳು. ನಾನು ಒಂದು ಗೆದ್ದರೆ ಇನ್ನೊಂದು ಎನ್ನುತ್ತಿದ್ದೆ. ಅವಳ ಕೈಗೆ ಕೊಡುವ ಹೊತ್ತಿಗೆ ಎರಡೋ ಮೂರೋ ನಿಮಿಷ ಉಳಿದಿರುತ್ತಿತ್ತು. ಅವಳ ಕಾರು ಅರ್ಧ ದಾರಿ ಮುಟ್ಟುವಷ್ಟರಲ್ಲಿ ಕರೆಂಟು ಹೋದೀತೆಂದು ನಾನೇ ಕೈ ಹಾಕಿ ಬಂದ್ ಮಾಡುತ್ತಿದ್ದೆ. ಅವಳು ಒಂದೇ ಒಂದು ರೇಸನ್ನೂ ಕೊನೆ ಮುಟ್ಟಿಸಿರಲಿಲ್ಲ. ಎಂಥ ಸ್ವಾರ್ಥಿಯಾಗಿದ್ದೆ ನಾನು!

ರಜೆ ಮುಗಿಯುವ ಮುಂಚೆ ಅವಳಪ್ಪನಿಗೆ ಯಲಬುರ್ಗಾಕ್ಕೆ ವರ್ಗವಾಯಿತು. ಹೊರಡುವ ಹಿಂದಿನ ದಿನ ಬಂದವಳು ಕರೆಂಟಿನ ಸುದ್ದಿಯನ್ನೇ ಎತ್ತಲಿಲ್ಲ. ಇವತ್ತು ಮೊದಲು ನಾನು ಆಡುತ್ತೇನೆ ಎಂದಳು. ಹೋಗಲಿ ಪಾಪ ಎಂದು ಕುರ್ಚಿ ಬಿಟ್ಟೆ. ನಾಲಿಗೆ ಕಚ್ಚಿಕೊಂಡು ಆಡಿದಳು. ಎರಡು ಕಾರು ಹಿಂದೆ ಹಾಕಿದಳು, ಮೂರನೆಯದನ್ನೂ ಹಾಕಿದಳು. ಇನ್ನೊಂದೇ ತಿರುವು ಉಳಿದಿತ್ತು. ಕರೆಂಟು ಹೋಯಿತು.

ಕರೆಂಟು ಬಂದ ಮೇಲೆ ನೋಡಿದರೆ ಆಟ ತೆರೆಯಲೇ ಇಲ್ಲ. ಬೇಸಿಗೆಯಿಡೀ ಗೆದ್ದದ್ದೆಲ್ಲ ಅಳಿಸಿಹೋಗಿತ್ತು. ಯಾಕೆ ಹೇಳಲಿಲ್ಲ ಎಂದು ಅವಳ ಮೇಲೆ ಹರಿಹಾಯ್ದೆ.

"ಗೊತ್ತಿತ್ತು," ಎಂದಳು ಮೆಲ್ಲಗೆ. "ಹೇಳಿದ್ರ ನೀ ಬಂದ್ ಮಾಡ್ತಿದ್ದಿ. ಒಂದಾದ್ರೂ ಮುಗಸಬೇಕು ಅನಿಸಿತ್ತು."

ಮರುದಿನ ಬೆಳಿಗ್ಗೆ ಅವರ ಸಾಮಾನಿನ ಟೆಂಪೊ ಹೊರಟಾಗ ನಾನು ಸಿಟ್ಟಿನಲ್ಲಿ ಹೊರಗೇ ಬರಲಿಲ್ಲ. ಯಲಬುರ್ಗಾ ಏನು ಕಾಶಿಯೇ? ಬಸ್ಸು ಹತ್ತಿದರೆ ಒಂದು ತಾಸಿನ ದಾರಿ. ಅಷ್ಟು ದೂರವೂ ನಾನು ಹೋಗಲಿಲ್ಲ.

ಆಟ ಮತ್ತೆ ಹಾಕಿಕೊಂಡೆ, ಎಲ್ಲ ರೇಸನ್ನೂ ಮತ್ತೆ ಗೆದ್ದೆ. ಗೆದ್ದದ್ದನ್ನು ನೋಡಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಈಗ ನಮ್ಮೂರಲ್ಲಿ ಕರೆಂಟು ಅಷ್ಟಾಗಿ ಹೋಗುವುದಿಲ್ಲ, ಬೇಕೆಂದರೆ ದಿನವಿಡೀ ಆಡಬಹುದು. ಅವಳಿಗೆ ಬೇಕಾಗಿದ್ದದ್ದು ಇನ್ನೊಂದು ಎರಡು ನಿಮಿಷ. ಅಷ್ಟನ್ನು ಆ ಬೇಸಿಗೆಯ ಯಾವ ದಿನವಾದರೂ ನಾನು ಕೊಡಬಹುದಿತ್ತು.